ಕೋಡಿಯ ನೀರು, ಕಲ್ಲಿನ ಅಂಚು

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ನೀರಿನ ಚಿತ್ರ ತೆಗೆಯಬೇಕೆಂದರೆ ಕೆರೆ ಕೋಡಿ ಬೀಳುವವರೆಗೆ ಕಾಯಬೇಕು, ಇಲ್ಲವೇ ಅಂತರಗಂಗೆಯ ಒರತೆಗೆ ಹೋಗಬೇಕು. ನಾನು ಎರಡನ್ನೂ ಮಾಡುತ್ತೇನೆ. ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ತೆಗೆದ ಇಂಥ ಚಿತ್ರಗಳಲ್ಲಿ ನೀರು ಹೇಗೂ ಮಸುಕಾಗಿಯೇ ಇರುತ್ತದೆ; ಚಿತ್ರ ಸ್ಪಷ್ಟವಾಗಿದೆಯೋ ಇಲ್ಲವೋ ಎಂಬುದನ್ನು ನೋಡುವವರ ಕಣ್ಣು ಪಕ್ಕದ ಕಲ್ಲನ್ನು ನೋಡಿ ತೀರ್ಮಾನಿಸುತ್ತದೆ. ಹಾಗಾಗಿ ತೆಗೆಯುವಾಗಲೂ, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವಾಗಲೂ ನನ್ನ ಗಮನವೆಲ್ಲ ಕಲ್ಲಿನ ಮೇಲೆಯೇ ಇರುತ್ತದೆ.

ಚಿಕ್ಕಬಳ್ಳಾಪುರದ ಬಳಿಯ ಶ್ರೀನಿವಾಸ ಸಾಗರ ತುಂಬಿದಾಗ ನೀರು ಕಟ್ಟೆಯ ಗೋಡೆಯ ಮೇಲಿಂದ ಹರವಾಗಿ ಇಳಿಯುತ್ತದೆ. 2021ರ ಮಳೆಗೆ ಈ ಭಾಗದ ಕೆರೆಗಳು ಕೋಡಿ ಬಿದ್ದ ಮೇಲೆ ಅಲ್ಲಿಗೆ ಬರುವ ಜನರೂ ಹೆಚ್ಚಾದರು. ಬೆಳಕು ಹರಿಯುವ ಹೊತ್ತಿಗೆ ತಲುಪಿದರೆ ನೆಮ್ಮದಿಯಾಗಿ ಕೆಲಸ ಮಾಡಬಹುದು. ಬಿಸಿಲೇರಿದರೆ ನೊರೆ ಬರಿಯ ಬಿಳುಪಾಗಿ ಉಳಿದು ವಿವರವೇ ದಾಖಲಾಗುವುದಿಲ್ಲವಾದ್ದರಿಂದ ಮೋಡ ಕವಿದ ಬೆಳಿಗ್ಗೆಯೇ ಮೇಲು. ಅಂಥ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100 ಮತ್ತು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಎಫ್ 8 ಇಟ್ಟಾಗ ಶಟರ್ ವೇಗ ಸೆಕೆಂಡಿನ 60ನೇ ಒಂದು ಭಾಗದಷ್ಟು ಬಂದರೆ, 6 ಸ್ಟಾಪಿನ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ಬೆಳಕನ್ನು 64ನೇ ಒಂದು ಪಾಲಿಗೆ ಇಳಿಸುವುದರಿಂದ ಶಟರನ್ನು ಸುಮಾರು 1 ಸೆಕೆಂಡು ತೆರೆದಿಡಬಹುದು. 10 ಸ್ಟಾಪಿನದಾದರೆ ಸುಮಾರು 17 ಸೆಕೆಂಡು. ಆದರೆ 17 ಸೆಕೆಂಡಿನ ಚಿತ್ರದಲ್ಲಿ ಗೋಡೆಗೆ ಬಿಳಿ ಪಂಚೆ ಇಳಿಬಿಟ್ಟಂತೆ ಕಾಣುತ್ತದೆಯೇ ಹೊರತು ನೀರು ಕಲ್ಲಿನಿಂದ ಕಲ್ಲಿಗೆ ತಡವರಿಸುತ್ತಾ ಇಳಿಯುವ ಎಳೆಗಳು ಕಾಣುವುದಿಲ್ಲ. ನನಗೆ ಆ ಎಳೆಗಳೇ ಬೇಕು. ಆದ್ದರಿಂದ ಕಾಲು ಸೆಕೆಂಡಿನಿಂದ 1 ಸೆಕೆಂಡಿನೊಳಗೆ ನಿಲ್ಲಿಸುತ್ತೇನೆ. ಅದಕ್ಕಿಂತ ದೀರ್ಘವಾದದ್ದು ಗಾಳಿಗೆ ಅಲೆಯೆದ್ದ ಕೆರೆಯ ಅಂಗಳಕ್ಕೆ ಸರಿ.

ಫಿಲ್ಟರ್ ಕೊಳ್ಳುವ ಬದಲು ಅಪರ್ಚರನ್ನೇ ಎಫ್ 22ಕ್ಕೆ ಕಿರಿದುಗೊಳಿಸುವವರಿದ್ದಾರೆ. ಅಷ್ಟು ಸಣ್ಣ ಕಿಂಡಿಯಲ್ಲಿ ಹಾಯುವ ಬೆಳಕು ವಿವರ್ತನೆಯಿಂದ ಹರಡಿಕೊಂಡು ಇಡೀ ಚಿತ್ರ ತುಸು ಮಂಕಾಗುತ್ತದೆ, ಹಾಗೆ ಕಳೆದುಹೋದ ಸೂಕ್ಷ್ಮ ವಿವರವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಮರಳಿ ಕೊಡದು. ಎಫ್ 8ರಿಂದ ಎಫ್ 11ರ ನಡುವೆ ಇದ್ದುಕೊಂಡು ಫಿಲ್ಟರಿಗೆ ಹಣ ಹಾಕುವುದೇ ವಾಸಿ. ಫೋಕಸನ್ನು ಫಿಲ್ಟರ್ ಹಾಕುವ ಮೊದಲೇ ಕಲ್ಲಿನ ಮೇಲೆ ಹಿಡಿದು ಮ್ಯಾನ್ಯುಯಲ್‌ಗೆ ಬದಲಿಸುತ್ತೇನೆ. ಟ್ರೈಪಾಡಿನ ನಡುಗಂಬವನ್ನು ಎತ್ತುವುದಿಲ್ಲ, ಗಾಳಿಗೆ ಪಟಪಟಿಸುವ ಕತ್ತಿನ ಪಟ್ಟಿಯನ್ನು ಬಿಚ್ಚಿಡುತ್ತೇನೆ, 2 ಸೆಕೆಂಡಿನ ಟೈಮರ್ ಬಳಸುತ್ತೇನೆ. ಹರಿಯುವ ನೀರಿನೊಳಗೆ ಟ್ರೈಪಾಡ್ ಊರಿದರೆ ಕಾಲುಗಳು ಕಣ್ಣಿಗೆ ಕಾಣದಷ್ಟು ಕಂಪಿಸುತ್ತವೆ. ಒಣ ನೆಲವೇ ಸುರಕ್ಷಿತ, ನಮಗೂ ಕ್ಯಾಮೆರಾಕ್ಕೂ.

ಅಂತರಗಂಗೆಯಲ್ಲಿ ಕೆಲಸ ಬೇರೆ ತರಹದ್ದು. ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ಧಾರೆ ಸಣ್ಣದು. ಅರ್ಧ ಸೆಕೆಂಡಿನಲ್ಲಿ ಅದು ಒಂದೇ ನುಣುಪಾದ ಗೆರೆಯಾಗುತ್ತದೆ, ಅಷ್ಟು ಸಾಕು. ಅಲ್ಲಿ ನೋಡಬೇಕಾದದ್ದು ಬಸವನ ಮೂತಿ: ಒದ್ದೆ ಕಲ್ಲಿನ ಉಬ್ಬುತಗ್ಗು, ಧಾರೆ ತುಟಿಯನ್ನು ಬಿಡುವ ಅಂಚು. ಒದ್ದೆ ಕಲ್ಲು ಆಕಾಶವನ್ನು ಪ್ರತಿಫಲಿಸಿ ಬೆಳ್ಳಗೆ ಮಿನುಗುವಾಗ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ನಿಧಾನವಾಗಿ ತಿರುಗಿಸಿದರೆ ಆ ಮಿನುಗು ಇಳಿದು ಕಲ್ಲಿನ ಕಣಕಣವೂ ಕಾಣಿಸಿಕೊಳ್ಳುತ್ತದೆ. ಅದು ಒಂದರಿಂದ ಎರಡು ಸ್ಟಾಪ್ ಬೆಳಕನ್ನೂ ತಗ್ಗಿಸುವುದರಿಂದ ಮರದ ನೆರಳಿರುವಾಗ ಬೇರೆ ಫಿಲ್ಟರೇ ಬೇಡ. ಸ್ನಾನಕ್ಕೂ ಪೂಜೆಗೂ ಬಂದವರಿಗೆ ಅಡ್ಡಿಯಾಗದಂತೆ ಬದಿಯಲ್ಲಿ ನಿಲ್ಲಬೇಕು. ಕೋತಿಗಳಿರುವುದರಿಂದ ಚೀಲದ ಜಿಪ್ ಹಾಕಿಯೇ ಇರಲಿ.

ಇನ್ನು ಶಾರ್ಪನಿಂಗ್, ಅಂದರೆ ಕಂಪ್ಯೂಟರಿನಲ್ಲಿ ಚಿತ್ರದ ಅಂಚುಗಳನ್ನು ಚುರುಕಾಗಿಸುವುದು. ಈ ತಂತ್ರ ಇಲ್ಲದ ವಿವರವನ್ನು ಸೃಷ್ಟಿಸುವುದಿಲ್ಲ. ಅಂಚಿನ ಕಪ್ಪು ಬದಿಯನ್ನು ಇನ್ನಷ್ಟು ಕಪ್ಪಾಗಿಸಿ, ಬಿಳಿ ಬದಿಯನ್ನು ಇನ್ನಷ್ಟು ಬಿಳುಪಾಗಿಸಿ ಅಂಚು ಎದ್ದು ಕಾಣುವಂತೆ ಮಾಡುತ್ತದೆ, ಅಷ್ಟೆ. ಇದನ್ನು ಇಡೀ ಚಿತ್ರಕ್ಕೆ ಹಾಕಿದರೆ ನೀರಿನ ನುಣುಪಿನಲ್ಲಿ ಅಡಗಿದ್ದ ನಾಯ್ಸ್ (ಬೇಡದ ಕಾಳುಕಾಳು ಚುಕ್ಕೆಗಳು) ಮರಳಿನ ಹಾಗೆ ಮೇಲೇಳುತ್ತದೆ. ಆದ್ದರಿಂದ ರಾ ಫೈಲನ್ನು (ಕ್ಯಾಮೆರಾ ದಾಖಲಿಸಿದ ಮೂಲ ಕಡತ) ಲೈಟ್‌ರೂಮ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ 100 ಪರ್ಸೆಂಟ್ ಗಾತ್ರದಲ್ಲಿ ತೆರೆದು, ರೇಡಿಯಸ್ಸನ್ನು (ಅಂಚಿನ ಸುತ್ತ ಎಷ್ಟು ಅಗಲಕ್ಕೆ ತಾಗಬೇಕೆಂಬ ಅಳತೆ) 1ರ ಆಸುಪಾಸಿನಲ್ಲಿಟ್ಟು, ಆಲ್ಟ್ ಕೀ ಒತ್ತಿಕೊಂಡೇ ಮಾಸ್ಕಿಂಗ್ ಸ್ಲೈಡರನ್ನು ಬಲಕ್ಕೆ ಎಳೆಯುತ್ತಾ ಹೋಗುತ್ತೇನೆ. ಪರದೆಯಲ್ಲಿ ಬಿಳಿಯಾಗಿ ಉಳಿದ ಕಡೆ ಮಾತ್ರ ಶಾರ್ಪನಿಂಗ್ ತಾಗುತ್ತದೆ. ನೀರು ಕಪ್ಪಾಗಿ, ಕಲ್ಲಿನ ಸಂದುಗಳು ಬಿಳಿ ಗೆರೆಗಳಾಗಿ ಉಳಿದಲ್ಲಿ ಕೈ ಬಿಡುತ್ತೇನೆ. ಇದು ಸಾಲದಾದಾಗ ಫೋಟೋಶಾಪಿನಲ್ಲಿ ಚಿತ್ರದ ಒಂದು ಪ್ರತಿಯನ್ನು ಅದರ ಮೇಲೆಯೇ ಪದರವಾಗಿ (ಲೇಯರ್) ಇಟ್ಟು, ಅದಕ್ಕೆ ಅಂಚುಗಳನ್ನಷ್ಟೇ ಉಳಿಸುವ ಹೈ ಪಾಸ್ ಫಿಲ್ಟರ್ ಕೊಟ್ಟು, ಸಾಫ್ಟ್ ಲೈಟ್ ಎಂಬ ಬೆರಕೆಯ ವಿಧಾನದಲ್ಲಿ ಕೆಳಗಿನ ಚಿತ್ರದೊಂದಿಗೆ ಬೆರೆಸಿ, ನೀರಿರುವ ಭಾಗವನ್ನು ಮಾಸ್ಕಿನಲ್ಲಿ ಕಪ್ಪು ಕುಂಚದಿಂದ ಅಳಿಸುತ್ತೇನೆ. ನೀರು ಕಲ್ಲಿಗೆ ತಾಗುವ ಗಡಿಯಲ್ಲಿ ಕುಂಚದ ಅಂಚು ಮೆದುವಾಗಿರಬೇಕು, ಇಲ್ಲದಿದ್ದರೆ ಕಲ್ಲನ್ನು ಕತ್ತರಿಸಿ ಅಂಟಿಸಿದಂತಾಗುತ್ತದೆ. ಕಲ್ಲಿನ ಸುತ್ತ ಬೆಳ್ಳನೆಯ ಗೆರೆ ಕಂಡರೆ ಶಾರ್ಪನಿಂಗ್ ಹೆಚ್ಚಾಯಿತೆಂದೇ ಅರ್ಥ.

ಗಾಳಿಗೆ ಅಲುಗುವ ಹುಲ್ಲು, ಎಲೆಗಳಿಗೆ ಶಾರ್ಪನಿಂಗ್ ಮದ್ದಲ್ಲ. ಟ್ರೈಪಾಡನ್ನು ಕದಲಿಸದೆ, ಫಿಲ್ಟರ್ ತೆಗೆದು, ಐಎಸ್‌ಒ ಏರಿಸಿ ವೇಗದ ಶಟರಿನಲ್ಲಿ ಇನ್ನೊಂದು ಚಿತ್ರ ತೆಗೆದಿಟ್ಟುಕೊಂಡರೆ ಎಲೆಗಳನ್ನು ಅದರಿಂದ ತಂದು ಸೇರಿಸಬಹುದು.

ಕೊನೆಯ ಶಾರ್ಪನಿಂಗನ್ನು ಚಿತ್ರದ ಗಾತ್ರ ನಿರ್ಧರಿಸಿದ ಮೇಲೆಯೇ ಮಾಡುತ್ತೇನೆ. ಮೊಬೈಲಿನಲ್ಲಿ ಕಳುಹಿಸುವುದಾದರೆ ಮೊದಲು ಚಿಕ್ಕದಾಗಿಸಿ, ಬಳಿಕ ತೀರ ಕಡಿಮೆ. ಮ್ಯಾಟ್ ಕಾಗದದ ಪ್ರಿಂಟಿಗಾದರೆ ಶಾಯಿ ಕಾಗದದಲ್ಲಿ ಹರಡಿಕೊಳ್ಳುವುದರಿಂದ ಪರದೆಯಲ್ಲಿ ತುಸು ಅತಿಯೆನಿಸುವಷ್ಟು ಕೊಡುತ್ತೇನೆ, ಪ್ರಿಂಟಿನಲ್ಲಿ ಅದು ಹದಕ್ಕೆ ಬರುತ್ತದೆ.