ಓದುಗ ಅರ್ಧಕ್ಕೆ ಬಿಡದ ಹಾಗೆ ಬರೆಯುವುದು: ನನ್ನ ಅನುಭವ

ಕನ್ನಡದ ಲೇಖನಗಳನ್ನು ಈಗ ಬಹಳಷ್ಟು ಜನ ಓದುವುದು ಮೊಬೈಲಿನಲ್ಲಿ. ಒಂದು ಸಾಲಿಗೆ ನಾಲ್ಕೈದು ಪದ ಹಿಡಿಸುವ ಪರದೆ ಅದು. ಅಲ್ಲಿ ಅರವತ್ತು ಪದಗಳ ಪ್ಯಾರಾ ಎಂದರೆ ಹದಿನೈದು ಸಾಲಿನ ಗೋಡೆ. ಒಳ್ಳೆಯ ವಿಷಯವಿದ್ದೂ ಓದುಗರು ಎದ್ದು ಹೋಗುವುದು ಹೆಚ್ಚಾಗಿ ಯಾವುದೋ ಒಂದು ವಾಕ್ಯದ ನಡುವೆ ಸಿಕ್ಕಿಕೊಂಡಾಗ. ಅದಕ್ಕೇ ನಾನು ಲೇಖನವನ್ನು ವಾಕ್ಯ ವಾಕ್ಯವಾಗಿ ರಿಪೇರಿ ಮಾಡುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಕಲಸಿ ಹೊಡೆಯುವ ಬೋರ್ಡೋ ದ್ರಾವಣದ ಮೇಲಿನ ಬರಹವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಆ ಕ್ರಮವನ್ನು ಹೇಳುತ್ತೇನೆ.

ಮೊದಲ ಕರಡಿನಲ್ಲಿ ಆರಂಭ ಬಹುತೇಕ ಹೀಗೆ ಬರುತ್ತದೆ: "ಅಡಿಕೆಯು ಕರ್ನಾಟಕದ ಒಂದು ಪ್ರಮುಖ ವಾಣಿಜ್ಯ ಬೆಳೆಯಾಗಿದ್ದು, ಇದನ್ನು ಹಲವಾರು ರೋಗಗಳು ಬಾಧಿಸುತ್ತಿವೆ. ಅವುಗಳಲ್ಲಿ ಕೊಳೆರೋಗವು ಅತ್ಯಂತ ಪ್ರಮುಖವಾದುದಾಗಿದೆ." ಇದರಲ್ಲಿ ತಪ್ಪಿಲ್ಲ. ಆದರೆ ತೋಟ ಇದ್ದವರಿಗೆ ಇದೆಲ್ಲ ಗೊತ್ತು, ತೋಟ ಇಲ್ಲದವರಿಗೆ ಇದು ಬೇಡ. ಇಂಥ ಪೀಠಿಕೆಯನ್ನು ಬರೆಯುವಾಗ ತಡೆಯುವುದಿಲ್ಲ. ಕೈ ಬಿಸಿಯಾಗಲು ಅದು ಬೇಕು. ಕರಡು ಮುಗಿದ ಮೇಲೆ ಮೊದಲ ಎರಡು ಪ್ಯಾರಾ ಮುಚ್ಚಿಟ್ಟು ಮೂರನೆಯದರಿಂದ ಓದಿ ನೋಡುತ್ತೇನೆ. ಅರ್ಥ ಕೆಡದಿದ್ದರೆ ಮೊದಲಿನ ಎರಡೂ ಹೋಗುತ್ತವೆ. ಆಮೇಲೆ ಇಡೀ ಬರಹದಲ್ಲಿ ಕಣ್ಣಿಗೆ ಕಾಣುವ, ಕೈಯಲ್ಲಿ ಮಾಡಿ ನೋಡಬಹುದಾದ ಒಂದು ಸಂಗತಿಯನ್ನು ಹುಡುಕಿ ಮೇಲಕ್ಕೆ ತರುತ್ತೇನೆ:

"ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಕತ್ತಿಯ ಅಲಗನ್ನು ಒಂದು ನಿಮಿಷ ಅದರಲ್ಲಿ ಅದ್ದಿ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ."

ಕೆಂಪು ಯಾಕೆ ಕೂರುತ್ತದೆ ಎಂಬ ಪ್ರಶ್ನೆ ಓದುಗರ ತಲೆಯಲ್ಲಿ ತಾನಾಗಿಯೇ ಏಳುತ್ತದೆ. ಸುಣ್ಣ ಕಡಿಮೆಯಾದಾಗ ನೀರಿನಲ್ಲಿ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ ಎಂಬ ಉತ್ತರವನ್ನು ಮುಂದಿನ ವಾಕ್ಯದಲ್ಲೇ ಕೊಡಬೇಕು. "ಕಾರಣ ತಿಳಿಯಲು ಮುಂದೆ ಓದಿ" ಎಂದು ಸತಾಯಿಸಿದರೆ ನಂಬಿಕೆ ಹೋಗುತ್ತದೆ. ಉತ್ತರ ಸಿಕ್ಕಿದ ಓದುಗರೇ ಮುಂದಿನ ಪ್ಯಾರಾಕ್ಕೆ ಬರುವವರು.

ಇನ್ನು ವಾಕ್ಯದ ವಿಷಯ. ಹೆಚ್ಚು ಸಮಯ ಹೋಗುವುದು ಇಲ್ಲಿ, ಹೋಗಬೇಕಾದದ್ದೂ ಇಲ್ಲೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಯಾವಾಗ, ಯಾವುದನ್ನು ಎಂಬುದನ್ನೆಲ್ಲ ಓದುಗರು ಹೊತ್ತುಕೊಂಡು ಆ ಕೊನೆಯ ಪದಕ್ಕೆ ಕಾಯುತ್ತಿರುತ್ತಾರೆ. "ಮಳೆಗಾಲಕ್ಕೆ ಮುಂಚೆ ಸಿಂಪಡಿಸಬೇಕಾಗಿರುವ, ಮೈಲುತುತ್ತ ಮತ್ತು ಸುಣ್ಣವನ್ನು ಸಮಪ್ರಮಾಣದಲ್ಲಿ ಬೆರೆಸಿ ತಯಾರಿಸಲಾಗುವ ದ್ರಾವಣವು" ಎನ್ನುವಷ್ಟರಲ್ಲಿ ಪರದೆಯ ಮೂರು ಸಾಲು ಮುಗಿದಿರುತ್ತದೆ, ದ್ರಾವಣ ಏನು ಮಾಡುತ್ತದೆ ಎಂಬುದು ಇನ್ನೂ ಬಂದಿರುವುದಿಲ್ಲ. ಹೆಸರಿನ ಹಿಂದೆ ಇಂಥ ಎರಡು ವಿಶೇಷಣದ ತುಣುಕು ಕಂಡರೆ ನಾನು ವಾಕ್ಯವನ್ನು ಒಡೆಯುತ್ತೇನೆ. ಎಂಟರಿಂದ ಹದಿನಾಲ್ಕು ಪದ ಹಿತವಾದ ಅಳತೆ. ಎಲ್ಲವನ್ನೂ ಆರು ಪದಕ್ಕೆ ಕತ್ತರಿಸಿದರೆ ಕೊಡಲಿ ಏಟಿನ ಸದ್ದು ಬರುತ್ತದೆ, ಹಾಗಾಗಿ ನಡುನಡುವೆ ಒಂದು ಉದ್ದ ವಾಕ್ಯ ಇರಲಿ.

ಎರಡನೆಯ ರೋಗ ಕರ್ಮಣಿ ಪ್ರಯೋಗ. "ಮೈಲುತುತ್ತವನ್ನು ಸುಣ್ಣದ ದ್ರಾವಣದೊಂದಿಗೆ ಮಿಶ್ರಣ ಮಾಡಲಾಗುತ್ತದೆ" ಎಂಬ ವಾಕ್ಯವನ್ನು ಗಮನಿಸಿ. ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬ ಮುಖ್ಯ ಮಾತೇ ಇದರಲ್ಲಿಲ್ಲ. "ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಿರಿ, ಸುರಿಯುವಷ್ಟು ಹೊತ್ತೂ ಮರದ ಕೋಲಿನಿಂದ ತಿರುವುತ್ತಿರಿ" ಎಂದು ಬರೆಯಲು ಹೊರಟರೆ ಬರೆಯುವವನಿಗೆ ಆ ವಿವರ ಗೊತ್ತಿರಲೇಬೇಕು. ಹಿಂದುಮುಂದಾದರೆ ಕಣ ದಪ್ಪಗಾಗಿ ಬೇಗ ತಳಕ್ಕೆ ಇಳಿಯುತ್ತದೆ, ಸಿಂಪಡಿಸುವ ನಾಜಲ್ ಕಟ್ಟಿಕೊಳ್ಳುತ್ತದೆ. "ಮಾಡಲಾಗುತ್ತದೆ" ಎಂಬ ಪದ ಬರಹಗಾರನ ಅರೆಬರೆ ತಿಳಿವಳಿಕೆಯನ್ನು ಅಡಗಿಸುತ್ತದೆ. ಅದಕ್ಕೇ ಆ ಪದದ ಮೇಲೆ ನನಗೆ ಇಷ್ಟು ಸಿಟ್ಟು.

ಇದನ್ನು ಕಣ್ಣಳತೆಗೆ ಬಿಡಬೇಡಿ. ಕರಡು ಮುಗಿದ ಮೇಲೆ ಹುಡುಕುವ ಪೆಟ್ಟಿಗೆಯಲ್ಲಿ "ಲಾಗುತ್ತದೆ", "ಲಾಗಿದೆ", "ಲ್ಪಟ್ಟ", "ಹೊಂದಿ", "ಮೂಲಕ", "ಒಂದು" ಇವನ್ನು ಒಂದೊಂದಾಗಿ ಹಾಕಿ. "ಮರ ಹೆಚ್ಚು ಎತ್ತರವನ್ನು ಹೊಂದಿದೆ" ಎಂಬುದು "ಮರ ಎತ್ತರವಾಗಿದೆ" ಆಗುತ್ತದೆ. ಎಣಿಕೆಗೆ ಬೇಕಾಗದ "ಒಂದು" ಹೆಚ್ಚಾಗಿ ಇಂಗ್ಲಿಷಿನಿಂದ ಬಂದ ನೆಂಟ. ತೆಗೆದರೆ ವಾಕ್ಯ ಹಗುರವಾಗುತ್ತದೆ. ಸಾವಿರ ಪದದ ಕರಡಿನಲ್ಲಿ ಕರ್ಮಣಿ ಪ್ರಯೋಗ ನಾಲ್ಕೈದಕ್ಕಿಂತ ಹೆಚ್ಚು ಉಳಿಯದಂತೆ ನೋಡುತ್ತೇನೆ. ಮಾಡಿದವರು ಯಾರೆಂಬುದು ನಿಜಕ್ಕೂ ಮುಖ್ಯವಲ್ಲದ ಕಡೆ ಮಾತ್ರ ಅದು ಇರಲಿ.

ಅಳತೆಗಳನ್ನು ಹರಡಬಾರದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೂರೂ ಒಂದೇ ಸಾಲಿನಲ್ಲಿ ಇದ್ದರೆ ಓದುಗರು ಪರದೆಯ ಚಿತ್ರ ತೆಗೆದು ಇಟ್ಟುಕೊಳ್ಳುತ್ತಾರೆ. ಅದರ ಕೆಳಗೇ, ತುತ್ತಕ್ಕೆ 50 ಲೀಟರ್, ಸುಣ್ಣಕ್ಕೆ 50 ಲೀಟರ್ ಬೇರೆ ಬೇರೆ ಪಾತ್ರೆಯಲ್ಲಿ ಎಂದು ಬರೆಯಿರಿ. ಕಬ್ಬಿಣದ ಡ್ರಮ್ಮು ಬೇಡ ಎಂಬ ಎಚ್ಚರಿಕೆ ಲೇಖನದ ಕೊನೆಯ "ಸೂಚನೆಗಳು" ಭಾಗಕ್ಕೆ ಹೋಗಬಾರದು. ಪಾತ್ರೆಯ ಮಾತು ಬಂದ ಸಾಲಿನಲ್ಲೇ ಬರಬೇಕು. ಅಷ್ಟು ಕೆಳಗೆ ಬರುವ ಹೊತ್ತಿಗೆ ಓದುಗರು ತುತ್ತ ನೆನೆಹಾಕಿ ಆಗಿರುತ್ತದೆ. ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು ಎಂಬುದೂ ಹಾಗೇ, ಕಲಸುವ ಮಾತಿನ ಪಕ್ಕದಲ್ಲೇ ಇರಬೇಕು.

ಇತಿಹಾಸವನ್ನು ಎಲ್ಲಿ ಇಡುವುದು? ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲೇ ಅಧ್ಯಯನ ಪ್ರಕಟಿಸಿದ್ದರು. ಇದು ಒಳ್ಳೆಯ ಸಂಗತಿ. ಆದರೆ ಆರಂಭದಲ್ಲಿ ಇಟ್ಟರೆ ಪಾಠದ ಪುಸ್ತಕದಂತಾಗುತ್ತದೆ. ಹೊಸ ಹೊಸ ಔಷಧಿ ಬಂದರೂ ಈ ಹಳೆಯ ದ್ರಾವಣ ಯಾಕೆ ಉಳಿದಿದೆ ಎಂದು ಓದುಗರು ಕೇಳಿಕೊಳ್ಳುವ ಜಾಗದಲ್ಲಿ ಇಟ್ಟರೆ ಅದೇ ಸಾಲಿಗೆ ಜೀವ ಬರುತ್ತದೆ.

ಪದಗಳ ಆಯ್ಕೆಗೆ ನನ್ನ ಅಳತೆಗೋಲು ಅಂಗಡಿ. ಓದುಗರು ಗೊಬ್ಬರದ ಅಂಗಡಿಯಲ್ಲಿ ಏನೆಂದು ಕೇಳುತ್ತಾರೋ ಅದೇ ಪದ. ಕೊಳೆರೋಗಕ್ಕೆ ಮಹಾಳಿ ಎಂಬ ಹೆಸರೂ ಇದೆ, ಮೈಲುತುತ್ತವನ್ನು ಕಾಪರ್ ಸಲ್ಫೇಟ್ ಎಂದು ಕೇಳುವವರೂ ಇದ್ದಾರೆ. ಎರಡೂ ಹೆಸರನ್ನು ಮೊದಲ ಸಲ ಜೊತೆಗೆ ಕೊಟ್ಟು ಆಮೇಲೆ ಒಂದನ್ನೇ ಹಿಡಿಯಿರಿ. ಚೆಂದಕ್ಕೆಂದು ಒಮ್ಮೆ ತುತ್ತ, ಒಮ್ಮೆ ತಾಮ್ರದ ಲವಣ, ಒಮ್ಮೆ ನೀಲಿ ಹರಳು ಎಂದರೆ ಮೂರು ಬೇರೆ ವಸ್ತುಗಳೆಂದು ಓದುಗರು ತಿಳಿದಾರು. ಶೀರ್ಷಿಕೆಯಲ್ಲೂ ಜನ ಹುಡುಕುವ ಹೆಸರೇ ಮೊದಲು ಬರಲಿ, ಆರೇಳು ಪದ ಸಾಕು.

ಟೈಪಿಂಗಿನ ಎರಡು ದೋಷ ಬರಹವನ್ನೇ ಕಾಣದಂತೆ ಮಾಡುತ್ತವೆ. ಒಂದು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತುವುದು. "ಅಂಗಡಿ" ಮತ್ತು "ಅ೦ಗಡಿ" ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ, ಹುಡುಕಿದರೆ ಸಿಗುವುದಿಲ್ಲ. ಸೊನ್ನೆಯನ್ನು ಹುಡುಕುವ ಪೆಟ್ಟಿಗೆಗೆ ಹಾಕಿ, ಪದದೊಳಗೆ ಇರುವುದನ್ನೆಲ್ಲ ಬದಲಿಸಿ. ಇನ್ನೊಂದು, "ನುಡಿ" ಅಥವಾ "ಬರಹ" ತಂತ್ರಾಂಶದ ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುವುದು. ಪರಿವರ್ತಿಸಿದ ಮೇಲೆ ವರ್ಷ, ಕಾರ್ಯ, ಮಾರ್ಗದಂಥ ಪದಗಳನ್ನು ಒಂದೊಂದಾಗಿ ನೋಡಲೇಬೇಕು.

ಕೊನೆಗೆ ಗಟ್ಟಿಯಾಗಿ ಓದುವುದು. ನಾನೇ ಓದಿದರೆ ಬರೆದದ್ದು ಬಾಯಿಪಾಠವಾಗಿ ತಪ್ಪು ಜಾರಿಹೋಗುತ್ತದೆ, ಆದ್ದರಿಂದ ಮೊಬೈಲಿನ ಕನ್ನಡ ಧ್ವನಿಯಿಂದ ಓದಿಸಿ ಕಣ್ಣು ಮುಚ್ಚಿ ಕೇಳುತ್ತೇನೆ. ಅದಕ್ಕೆ ಭಾವವಿಲ್ಲ, ಇದ್ದದ್ದನ್ನು ಇದ್ದಂತೆ ಓದುತ್ತದೆ. ಎಲ್ಲಿ ಗಮನ ಬೇರೆಡೆ ಹೋಯಿತೋ ಅಲ್ಲಿ ನಿಲ್ಲಿಸಿ ಗುರುತು ಹಾಕುತ್ತೇನೆ. ಸಾಮಾನ್ಯವಾಗಿ ಆ ಗುರುತಿನಿಂದ ಎರಡು ವಾಕ್ಯ ಹಿಂದೆ ಹೋದರೆ ದೋಷ ಸಿಗುತ್ತದೆ. ಅದು ಮುಗಿದ ಮೇಲೆ ಅಂಕಿಗಳಿಗೆಂದೇ ಮತ್ತೊಂದು ಓದು. ಪದ ನೋಡುವುದಿಲ್ಲ, 1, 50, 100 ಇಷ್ಟನ್ನೇ ಬೆರಳಿಟ್ಟು ಮೂಲದೊಂದಿಗೆ ತಾಳೆ ಹಾಕುತ್ತೇನೆ. ಪದ ತಪ್ಪಾದರೆ ಓದುಗರು ತಿದ್ದಿಕೊಂಡು ಓದುತ್ತಾರೆ. 100 ಇರಬೇಕಾದಲ್ಲಿ 10 ಬಿದ್ದರೆ ಅದೇ ಅಳತೆಯಲ್ಲಿ ಕಲಸಿ ಅಡಿಕೆ ಗೊನೆಗೆ ಹೊಡೆಯುತ್ತಾರೆ.