ಅಪಘಾತದ ಕೇಸು ನಿಮ್ಮ ಮೇಲೆಯೇ ಬಿದ್ದರೆ ಏನು ಮಾಡಬೇಕು?

ಡಿಕ್ಕಿಯಾದ ಮೇಲೆ ದಾಖಲಾಗುವ ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ದೂರುದಾರರ ಆರೋಪವೇ ಹೊರತು ತೀರ್ಪಲ್ಲ. ಆದರೂ ಕೋರ್ಟಿನಿಂದ ಸಮನ್ಸ್ ಬಂದಾಗ ಹೆಚ್ಚಿನವರು ‘ದಂಡ ಕಟ್ಟಿ ಕೈತೊಳೆದುಕೊಳ್ಳೋಣ’ ಎಂದು ತಪ್ಪೊಪ್ಪಿಕೊಂಡು ಬಿಡುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 281ಕ್ಕೆ, ಅಂದರೆ ಅಜಾಗರೂಕ ಚಾಲನೆಗೆ, ದಂಡ ಹೆಚ್ಚೆಂದರೆ 1,000 ರೂಪಾಯಿ, ಅಗ್ಗ ಅನ್ನಿಸುತ್ತದೆ. ಆದರೆ ನಾಳೆ ಪರಿಹಾರದ ಕೇಸಿನಲ್ಲಿ ಎದುರು ಪಕ್ಷದ ವಕೀಲರು ಮೊದಲು ಮುಂದಿಡುವ ಕಾಗದ ಇದೇ ತಪ್ಪೊಪ್ಪಿಗೆ. ವಿಮೆ ಮುಗಿದಿದ್ದರೆ ಲಕ್ಷಗಟ್ಟಲೆ ಪರಿಹಾರ ನಿಮ್ಮ ಕೈಯಿಂದಲೇ ಹೋಗಬಹುದು. ತಪ್ಪು ನಿಮ್ಮದಲ್ಲವೆಂದಾದರೆ ಒಪ್ಪಿಕೊಳ್ಳಬೇಡಿ.

ಗಾಯಾಳುಗಳಿಗೆ ಚಿಕಿತ್ಸೆಗೆ ವ್ಯವಸ್ಥೆ ಮಾಡಿ, 24 ಗಂಟೆಯೊಳಗೆ ಠಾಣೆಗೆ ತಿಳಿಸಿ. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸುವುದು ಕಾನೂನಿನ ಕರ್ತವ್ಯ. ಗಾಡಿಗಳನ್ನು ಪಕ್ಕಕ್ಕೆ ಸರಿಸುವ ಮೊದಲು ಫೋಟೊ ತೆಗೆಯಿರಿ. ಹತ್ತಿರದಿಂದ ತೆಗೆದ ಗೀರಿನ ಫೋಟೊಕ್ಕಿಂತ, ಎರಡೂ ಗಾಡಿ, ರಸ್ತೆಯ ಮಧ್ಯದ ಬಿಳಿ ಗೆರೆ, ಗಾಜಿನ ಚೂರು, ಟೈರಿನ ಗುರುತು ಒಂದೇ ಚೌಕಟ್ಟಿನಲ್ಲಿ ಬರುವ ಫೋಟೊ ಹೆಚ್ಚು ಬೆಲೆಬಾಳುತ್ತದೆ. ಚೂರು ಬಿದ್ದ ಜಾಗ ಯಾವ ಪಥದಲ್ಲಿದೆ ಎಂಬುದು ಡಿಕ್ಕಿ ಎಲ್ಲಿ ಆಯಿತು ಎಂಬುದಕ್ಕೆ ಒಳ್ಳೆಯ ಸುಳಿವು. ಅಂಗಡಿಗಳ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಅದನ್ನು ವಶಕ್ಕೆ ಪಡೆಯುವಂತೆ ತನಿಖಾಧಿಕಾರಿಗೆ ಅಂದೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಠಾಣೆಯಲ್ಲಿ ರಾಜಿಯ ಮಾತು ಬಂದರೆ ಮುಚ್ಚಳಿಕೆಯನ್ನು ಪೂರ್ತಿ ಓದಿ. ‘ನನ್ನ ತಪ್ಪಿನಿಂದ’ ಎಂಬ ಪದಗಳಿದ್ದರೆ ಸಹಿ ಬೇಡ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗಂತೂ ಸಹಿಯೇ ಬೇಕಿಲ್ಲ.

2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳಂತೆ ಚಾಲಕರು 30 ದಿನಗಳೊಳಗೆ ನಮೂನೆ 3ನ್ನು, ಮಾಲೀಕರು ನಮೂನೆ 4ನ್ನು ತನಿಖಾಧಿಕಾರಿಗೆ ತುಂಬಿ ಕೊಡಬೇಕು. ನಿಮ್ಮ ಕಡೆಯ ವಿವರ ಕಡತ ಸೇರುವ ದಾರಿ ಇದು. ಖಾಲಿ ಬಿಡಬೇಡಿ. ಎದುರಿನವರು ಸಿಗ್ನಲ್ ಮುರಿದಿದ್ದರೆ, ಏಕಮುಖ ರಸ್ತೆಯಲ್ಲಿ ಎದುರಿನಿಂದ ಬಂದಿದ್ದರೆ ಪ್ರತಿದೂರು ಕೊಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದನ್ನೇ ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ; ಅದಕ್ಕೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಮೋಟಾರು ವಾಹನ ಕಾಯ್ದೆಯ 184, ಅಂದರೆ ಅಪಾಯಕಾರಿ ಚಾಲನೆ, ಹಾಕಿದ್ದರೆ ಗಮನಿಸಿ: ಮೊಬೈಲ್ ಬಳಕೆಯೊಂದನ್ನು ಬಿಟ್ಟರೆ ಅದನ್ನು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ, ಕೋರ್ಟಿಗೇ ಹೋಗಬೇಕು.

ದೋಷಾರೋಪಣ ಪಟ್ಟಿ ಬಂದಾಗ ಸ್ಥಳ ಮಹಜರು, ನಕ್ಷೆ, ಗಾಯದ ಪ್ರಮಾಣಪತ್ರ, ಐಎಂವಿ ವರದಿ (ಮೋಟಾರು ವಾಹನ ನಿರೀಕ್ಷಕರು ಗಾಡಿ ಪರೀಕ್ಷಿಸಿ ಕೊಡುವ ವರದಿ) ಇವಿಷ್ಟನ್ನು ಒಂದರ ಪಕ್ಕ ಒಂದಿಟ್ಟು ಓದಿ. ನಕ್ಷೆಯಲ್ಲಿ ರಸ್ತೆಯ ಅಗಲ, ಅಂಚಿನಿಂದ ಡಿಕ್ಕಿಯ ಜಾಗಕ್ಕಿರುವ ದೂರ ಬರೆದಿದೆಯೇ ನೋಡಿ. ಬಲಗಡೆಯ ಬಂಪರ್ ಜಖಂ ಎಂದು ಐಎಂವಿ ವರದಿ ಹೇಳುವಾಗ ದೂರಿನಲ್ಲಿ ಎಡಗಡೆಯಿಂದ ಗುದ್ದಿದರು ಎಂದಿದ್ದರೆ ನಿಮ್ಮ ವಾದ ಅಲ್ಲೇ ಇದೆ. ವರದಿಯ ಕೊನೆಯಲ್ಲಿ ಬರುವ ‘ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ’ ಎಂಬ ಸಾಲಿಗೆ ಹೆದರಬೇಡಿ. ಗಾಡಿ ಸರಿಯಿತ್ತು ಎಂದಷ್ಟೇ ಅದರ ಅರ್ಥ, ಚಾಲಕರದೇ ತಪ್ಪು ಎಂದಲ್ಲ. ಬರೀ ‘ಅತಿವೇಗ’ ಎಂದರೂ ಸಾಲದು. ಕರ್ನಾಟಕದ್ದೇ ಒಂದು ಲಾರಿ ಅಪಘಾತದ ಪ್ರಕರಣದಲ್ಲಿ, ಸತೀಶ್ ವಿರುದ್ಧದ ರಾಜ್ಯದ ಮೇಲ್ಮನವಿಯಲ್ಲಿ, ವೇಗವಿತ್ತು ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗದು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದೆ. ದೊಡ್ಡ ಗಾಡಿಯದೇ ತಪ್ಪು ಎಂಬ ನಿಯಮವೂ ಕಾನೂನಿನಲ್ಲಿಲ್ಲ.

ಪರಿಹಾರದ ನ್ಯಾಯಮಂಡಳಿ ತಪ್ಪನ್ನು ಶೇಕಡಾವಾರು ಹಂಚಬಲ್ಲದು. ಪೂರ್ತಿ ನಿರ್ದೋಷಿ ಎನಿಸಿಕೊಳ್ಳದಿದ್ದರೂ ಎದುರಿನವರ ಪಾಲನ್ನು ತೋರಿಸಿದರೆ ಹೊರೆ ಇಳಿಯುತ್ತದೆ. ಹಾಗಾಗಿ ಅಲ್ಲಿಯ ನೋಟಿಸ್ ಬಂದರೆ ‘ವಿಮೆಯವರು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಿರದೆ, ಫೋಟೊ, ಪ್ರತಿದೂರಿನ ಪ್ರತಿಗಳೊಂದಿಗೆ ನಿಮ್ಮ ಲಿಖಿತ ಹೇಳಿಕೆ ಸಲ್ಲಿಸಿ. ಗಾಯ ನಿಮಗೂ ಆಗಿದ್ದರೆ ನಿಮ್ಮದೇ ಪರಿಹಾರದ ಅರ್ಜಿಯನ್ನು 6 ತಿಂಗಳೊಳಗೆ ಹಾಕಿ.