ಹಿಕ್ಕೆ ಎಣಿಸಿದ ಬೇಸಿಗೆ

“ಅಲ್ಲಾ ಮಾರಾಯ, ಮೊಲದ ಹಿಕ್ಕೆ ಎಣಿಸೋಕೆ ಅಷ್ಟು ದೂರ ಹೋಗಬೇಕಿತ್ತಾ? ಇಲ್ಲಿ ಕೊಟ್ಟಿಗೆ ಸಗಣಿ ಬಾಚೋಕೆ ಜನ ಸಿಕ್ತಿಲ್ಲ!” ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗಿನ್ನೂ ಕೆಲಸ ಶುರುವಾಗಿ ಮೂರು ದಿನ ಅಷ್ಟೇ.

ನಾನಿದ್ದದ್ದು ಕೆನಡಾದ ಯೂಕಾನ್‌ನಲ್ಲಿ, ಕ್ಲುವಾನಿ ಸರೋವರದ ದಕ್ಷಿಣ ತುದಿಯ ಸಂಶೋಧನಾ ಕೇಂದ್ರದಲ್ಲಿ. 1961ರಲ್ಲಿ ಶುರುವಾದ ಜಾಗ. ವೈಟ್‌ಹಾರ್ಸ್ ಊರಿನಿಂದ ಅಲಾಸ್ಕಾ ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರಿಗೂ ಜಾಸ್ತಿ ಹೋಗಬೇಕು. ಸುತ್ತ ಸ್ಪ್ರೂಸ್ ಮರಗಳ ಕಾಡು, ನಡುವೆ ವಿಲ್ಲೋ ಪೊದೆ. ಈ ಕಾಡಿನಲ್ಲಿ ಎಲ್ಲರ ಊಟವೂ ಒಂದೇ ಪ್ರಾಣಿ: ಸ್ನೋಶೂ ಮೊಲ. ಲಿಂಕ್ಸ್ ಅನ್ನುವ ಕಾಡುಬೆಕ್ಕು, ನರಿ-ತೋಳದ ಬಳಗದ ಕಯೋಟಿ, ಗೂಬೆ, ಎಲ್ಲಕ್ಕೂ ಅದೇ ಬೇಕು.

ಕೆಲಸ ಕೇಳಿದರೆ ನಗು ಬರುತ್ತದೆ. ನೆಲದ ಮೇಲೆ ಮೂರು ಮೀಟರ್ ಉದ್ದ, ಐದು ಸೆಂಟಿಮೀಟರ್ ಅಗಲದ ಒಂದು ಪಟ್ಟಿ. ಎರಡೂ ತುದಿಗೆ ಗೂಟ. ಜೂನ್ ತಿಂಗಳಲ್ಲಿ ಅದೇ ಗೂಟ ಹುಡುಕಿ, ಅಳತೆ ಕೋಲು ಇಟ್ಟು, ಮಂಡಿಯೂರಿ ಕೂತು, ಪಟ್ಟಿಯೊಳಗಿನ ಹಿಕ್ಕೆ ಎಣಿಸಬೇಕು. ಪಾಚಿಯನ್ನು ಬೆರಳಿಂದ ಸರಿಸಿ ನೋಡಬೇಕು, ಒಳಗೆ ಅವಿತಿರುತ್ತವೆ. ಗೆರೆಯ ಮೇಲೆ ಬಿದ್ದದ್ದನ್ನು ಏನು ಮಾಡಬೇಕು ಅಂತ ಮೊದಲೇ ತಂಡದವರೆಲ್ಲ ಒಂದು ನಿಯಮ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಒಬ್ಬನ ಲೆಕ್ಕ ಇನ್ನೊಬ್ಬನಿಗೆ ತಾಳೆ ಆಗುವುದಿಲ್ಲ. ಎಣಿಸಿದ ಮೇಲೆ ಎಲ್ಲವನ್ನೂ ಹೆಕ್ಕಿ ಆಚೆ ಎಸೆಯಬೇಕು. ಆಗ ಮುಂದಿನ ಜೂನ್‌ನಲ್ಲಿ ಸಿಗುವುದು ಆ ಒಂದು ವರ್ಷದ್ದು ಮಾತ್ರ.

ನಾನು ಈ ಎಸೆಯುವುದನ್ನೇ ಮರೆತೆ. ಒಂದಲ್ಲ, ಸಾಲಾಗಿ ಹತ್ತು ಪಟ್ಟಿ. ರಾತ್ರಿ ಊಟದ ಹೊತ್ತಿಗೆ ನೆನಪಾಗಿ ಹೇಳಿದೆ. ತಂಡದ ಹಿರಿಯಳು ಬೈಯಲಿಲ್ಲ, ಬಾಗಿಲು ತೋರಿಸಿದಳು ಅಷ್ಟೇ. ಜೂನ್‌ನಲ್ಲಿ ಅಲ್ಲಿ ಕತ್ತಲಾಗುವುದೇ ಇಲ್ಲ, ಹಾಗಾಗಿ ನೆಪ ಹೇಳುವಂತಿಲ್ಲ. ಹನ್ನೊಂದು ಗಂಟೆಗೆ ಸೊಳ್ಳೆಗಳ ಮೋಡದೊಳಗೆ ವಾಪಸ್ ಹೋಗಿ ಹೆಕ್ಕಿದೆ.

ಕಾಡಿನಲ್ಲಿ ನಡೆಯುವುದು ನನಗೆ ಹೊಸತೇನಲ್ಲ. ನಾಗರಹೊಳೆಯಲ್ಲಿ ಸ್ವಯಂಸೇವಕನಾಗಿ ಟ್ರಾನ್ಸೆಕ್ಟ್, ಅಂದರೆ ಪ್ರಾಣಿ ಎಣಿಸುವ ನೇರ ದಾರಿ, ನಡೆದಿದ್ದೆ. ಅಲ್ಲಿ ಉಸಿರು ಬಿಗಿಹಿಡಿದು ನಡೆಯಬೇಕು. ಇಲ್ಲಿ ಉಲ್ಟಾ. ಕರಡಿ ಬೆಚ್ಚಿ ಮೇಲೆ ಬೀಳಬಾರದು ಅಂತ ಜೋರಾಗಿ ಮಾತಾಡುತ್ತಲೇ ಇರಬೇಕು. ಒಬ್ಬನೇ ಎಷ್ಟು ಅಂತ ಮಾತಾಡುವುದು? ನಾನು ಮಗ್ಗಿ ಹೇಳುತ್ತಿದ್ದೆ. ಹದಿಮೂರರ ಮಗ್ಗಿ ಯೂಕಾನ್‌ನಲ್ಲಿ ಗಟ್ಟಿಯಾಯಿತು.

ಇನ್ನು ಅಮ್ಮನ ಪ್ರಶ್ನೆ. ಹಿಕ್ಕೆ ಎಷ್ಟಿದೆ ಅಂತ ನೋಡಿದರೆ ಕಾಡಿನಲ್ಲಿ ಮೊಲ ಎಷ್ಟಿವೆ ಅಂತ ಅಂದಾಜು ಸಿಗುತ್ತದೆ. ಸ್ನೋಶೂ ಮೊಲಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಕಾಡು ತುಂಬಿ ಹೋಗುತ್ತವೆ, ಆಮೇಲೆ ಕುಸಿಯುತ್ತವೆ. ಅದಾಗಿ ಒಂದೆರಡು ವರ್ಷಕ್ಕೆ ಲಿಂಕ್ಸ್‌ಗಳೂ ಕುಸಿಯುತ್ತವೆ. ಮೊಲ ಕುಸಿಯುವುದು ಯಾಕೆ? ಮೇವು ಸಾಲದೆಯೋ, ಬೇಟೆಯಿಂದಲೋ? ಇದೇ ಕ್ಲುವಾನಿಯಲ್ಲಿ ಪರಿಸರ ವಿಜ್ಞಾನಿ ಚಾರ್ಲ್ಸ್ ಕ್ರೆಬ್ಸ್ ತಂಡ 1986ರಿಂದ ಹತ್ತು ವರ್ಷ ದೊಡ್ಡ ಪ್ರಯೋಗ ಮಾಡಿತು. ಕೆಲವು ಕಡೆ ಮೊಲಕ್ಕೆ ಮೇವು ಹಾಕಿದರು: ಏನೂ ಮಾಡದ ಕಾಡಿಗಿಂತ ಮೊಲಗಳು ಮೂರು ಪಟ್ಟು. ಒಂದು ಕಡೆ ವಿದ್ಯುತ್ ಬೇಲಿ ಹಾಕಿ ಬೇಟೆಗಾರ ಪ್ರಾಣಿಗಳನ್ನು ಹೊರಗಿಟ್ಟರು: ಎರಡು ಪಟ್ಟು. ಎರಡನ್ನೂ ಮಾಡಿದ ಕಡೆ ಹನ್ನೊಂದು ಪಟ್ಟು! ಮೂರನ್ನೂ ಎರಡನ್ನೂ ಕೂಡಿದರೆ ಐದಾಗಬೇಕಿತ್ತು, ಅಲ್ವಾ? ಅಂದರೆ ಮೇವು, ಬೇಟೆ ಎರಡೂ ಸೇರಿಯೇ ಕೆಲಸ ಮಾಡುತ್ತವೆ. ಅಲ್ಲಿನ ಚಳಿಗಾಲದಲ್ಲಿ ಆ ಬೇಲಿಯನ್ನು ವರ್ಷಗಟ್ಟಲೆ ಕಾದವರನ್ನು ನೆನೆಸಿಕೊಂಡರೆ ನನ್ನ ಸೊಳ್ಳೆ ಕಥೆ ಏನೂ ಅಲ್ಲ.

ಹಿಕ್ಕೆಯಲ್ಲಿ ಲೆಕ್ಕ ಮಾತ್ರ ಅಲ್ಲ, ಹೆದರಿಕೆಯೂ ಇರುತ್ತದೆ. ತಾಜಾ ಹಿಕ್ಕೆಯನ್ನು ಫ್ರೀಜ್ ಮಾಡಿ ಲ್ಯಾಬಿಗೆ ಕಳಿಸಿದರೆ ಒತ್ತಡದ ಹಾರ್ಮೋನಿನ ಅಂಶ ಅಳೆಯಬಹುದು. ಬೇಟೆಗಾರರು ಜಾಸ್ತಿ ಇರುವ ವರ್ಷಗಳಲ್ಲಿ ಅದು ಏರಿರುತ್ತದೆ. ಹೆದರಿದ ತಾಯಿ ಕಡಿಮೆ ಮರಿ ಹಾಕುತ್ತದೆ, ಆ ಮರಿಗಳೂ ಸಣ್ಣವು.

ಮೊಲ ಹಿಡಿದು ಅಳೆಯುವ ಬೋನಿನ ಕೆಲಸ ನನಗೆ ಹೆಚ್ಚು ಇಷ್ಟ. ಸಂಜೆ ಬೋನಿಗೆ ಕುದುರೆ ಮಸಾಲೆ ಸೊಪ್ಪು, ಒಂದು ತುಂಡು ಸೇಬು. ಬೆಳಿಗ್ಗೆ ಬೇಗ ಹೋಗಿ ನೋಡಬೇಕು, ತಡವಾದರೆ ಬಿಸಿಲಿಗೆ ಪ್ರಾಣಿ ಬಳಲುತ್ತದೆ. ಬೋನಿನ ಬಾಯಿಗೆ ಬಟ್ಟೆ ಚೀಲ ಹಿಡಿದರೆ ಮೊಲ ತಾನೇ ನುಗ್ಗುತ್ತದೆ. ಕಣ್ಣು ಮುಚ್ಚಿದಷ್ಟು ಹೊತ್ತು ಸುಮ್ನೆ ಇರುತ್ತದೆ. ತೂಕ ಒಂದೂವರೆ ಕಿಲೋ ಆಸುಪಾಸು. ಕಿವಿಯ ಬಿಲ್ಲೆ ನಂಬರ್ ಓದಿ, ಹಿಂಗಾಲು ಅಳೆದು ಬಿಡಬೇಕು. ನನ್ನ ಮೊದಲ ಮೊಲ ಕೈಯಲ್ಲಿ ಕಿರುಚಿತು. ಎಳೆ ಮಗು ಅತ್ತ ಹಾಗೇ. ಕೈ ಸಡಿಲಾಯಿತು, ಮೊಲ ಹೋಯಿತು, ಪುಸ್ತಕದಲ್ಲಿ “ತಪ್ಪಿಸಿಕೊಂಡಿತು” ಅಂತ ಬರೆದೆ.

ಕೆಲವಕ್ಕೆ ರೇಡಿಯೋ ಕಾಲರ್. ಮೊಲ ಬಹಳ ಹೊತ್ತು ಅಲ್ಲಾಡದಿದ್ದರೆ ಬೀಪ್ ಬೇಗ ಬೇಗ ಬಡಿಯುತ್ತದೆ. ಸತ್ತಿದೆ ಅಂತ ಅರ್ಥ. ಮರಿಗಳಿಗೆ ಪುಟ್ಟ ಟ್ರಾನ್ಸ್‌ಮಿಟರ್ ಅಂಟಿಸಿದ್ದೆವು. ಒಂದು ದಿನ ಬೀಪ್ ಹಿಂಬಾಲಿಸಿ ಹೋದರೆ ಅದು ಬರುತ್ತಿದ್ದುದು ಸ್ಪ್ರೂಸ್ ಮರದ ಮೇಲಿನಿಂದ. ಲಿಂಕ್ಸ್ ಇರಬೇಕು ಅಂದೆ. ಹಿರಿಯಳು ನಕ್ಕಳು: ಅಳಿಲು! ಪುಟ್ಟ ಕೆಂಪಳಿಲು, ಜೊತೆಗೆ ನೆಲದಲ್ಲಿ ಬಿಲ ತೋಡುವ ಇನ್ನೊಂದು ಅಳಿಲು. ಹುಟ್ಟಿದ ಹೊಸತರಲ್ಲಿ ಮೊಲದ ಮರಿಗಳನ್ನು ಅತಿ ಹೆಚ್ಚು ಕೊಲ್ಲುವುದು ಈ ಎರಡೇ ಅಂತ ಇಲ್ಲಿ 1990ರ ದಶಕದಲ್ಲೇ ಗೊತ್ತಾಗಿತ್ತು. ನಮ್ಮ ಅಡಿಕೆ ತೋಟದ ಅಳಿಲನ್ನು ಅಂದಿನಿಂದ ನಾನು ನೋಡುವ ರೀತಿಯೇ ಬೇರೆ.

ಕಾಡು ಬದಲಾಗುತ್ತಿದೆ ಅನ್ನುವುದಕ್ಕೆ ಅಲ್ಲಿ ಗ್ರಾಫ್ ಬೇಕಾಗಿಲ್ಲ, ಮೂಗು ಸಾಕು. ಕೇಂದ್ರದ ಪಕ್ಕದಲ್ಲೇ ಸ್ಲಿಮ್ಸ್ ನದಿ ಸರೋವರ ಸೇರುತ್ತಿತ್ತು. ಕಾಸ್ಕವುಲ್ಶ್ ಹಿಮನದಿ ಕರಗಿ ಹಿಂದೆ ಸರಿದಾಗ, 2016ರ ಮೇ ತಿಂಗಳಲ್ಲಿ ಕೆಲವೇ ದಿನಗಳೊಳಗೆ ಅದರ ನೀರು ಇನ್ನೊಂದು ಕಡೆಗೆ ತಿರುಗಿತು. ಬೇರಿಂಗ್ ಸಮುದ್ರ ಸೇರುತ್ತಿದ್ದ ನೀರು ಈಗ ಅಲಾಸ್ಕಾ ಕೊಲ್ಲಿಗೆ. ಸರೋವರ ಇಳಿಯಿತು. ನದಿಯ ಪಾತ್ರ ಒಣಗಿ ಹಿಟ್ಟಿನಂಥ ಧೂಳು ಏಳುತ್ತದೆ. ಗಾಳಿ ಬೀಸಿದ ದಿನ ನನ್ನ ನೋಟ್‌ಬುಕ್ಕಿನ ಹಾಳೆ ಕರಕರ ಅನ್ನುತ್ತಿತ್ತು.

ಮೊಲಕ್ಕೆ ಇನ್ನೊಂದು ಕಷ್ಟ ಇದೆ. ಅದು ಬಿಳಿಯಾಗುವುದು, ಮತ್ತೆ ಕಂದಾಗುವುದು ಹಗಲಿನ ಉದ್ದ ನೋಡಿಕೊಂಡು. ಹಿಮ ತಡವಾಗಿ ಬಿದ್ದರೆ ಕಂದು ಕಾಡಿನಲ್ಲಿ ಬಿಳಿ ಮೊಲ, ಯಾರಿಗೆ ಕಾಣುವುದಿಲ್ಲ? ಹಿಮ ತೆಳುವಾದರೆ ಕಯೋಟಿಗೆ ಲಾಭ. ಅದರ ಪಾದ ಸಣ್ಣದು, ಆಳ ಹಿಮದಲ್ಲಿ ಹೂತುಹೋಗುತ್ತದೆ. ಲಿಂಕ್ಸ್ ಪಾದ ಅಗಲ, ತೇಲಿದ ಹಾಗೆ ಓಡುತ್ತದೆ.

ನಾನು ಹೋದದ್ದು ಮೊಲಗಳು ಇಳಿಯುತ್ತಿದ್ದ ಕಾಲ. ಎಷ್ಟೋ ಪಟ್ಟಿಗಳಲ್ಲಿ ಏನೂ ಸಿಗುತ್ತಿರಲಿಲ್ಲ. ಮಂಡಿಯೂರಿ, ಪಾಚಿ ಸರಿಸಿ, ಕೊನೆಗೆ ಸೊನ್ನೆ ಬರೆಯುವುದು. ಖಾಲಿ ಬಿಡುವ ಹಾಗಿಲ್ಲ. ಖಾಲಿ ಅಂದರೆ ನೋಡೇ ಇಲ್ಲ ಅಂತ. ಕೊನೆಯ ವಾರ ಅಮ್ಮ ಮತ್ತೆ ಫೋನ್ ಮಾಡಿದಳು. “ಇವತ್ತು ಎಷ್ಟು ಸಿಕ್ತು?”

“ಸೊನ್ನೆ.”

“ಸರಿಯಾಗಿ ನೋಡಿದೆಯೇನೋ?” ಅಂದಳು.